ಇಲ್ಲ, ಇಳಿದು ತಳ್ಳುವುದಿಲ್ಲ (ಒಂದು ಸಲ ಬಿಟ್ಟು)

ಪ್ರಶ್ನೆ ಇದು: “ಘಟ್ಟ ಬಂದಾಗ ಇಳಿದು ತಳ್ತೀರಾ?”

ನಾನು ಶಿರಸಿಯವನು. ಹತ್ತು ವರ್ಷದಿಂದ ರೋಡ್ ಸೈಕಲ್ ತುಳಿಯುತ್ತಿದ್ದೇನೆ. ತಿಂಗಳಿಗೆ ಒಂದೆರಡು ಸಲ ಕುಮಟಾಕ್ಕೆ ಇಳಿದು, ಬನ್ಸ್ ತಿಂದು, ಮತ್ತೆ ಹತ್ತಿ ಬರುತ್ತೇನೆ. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ನಡುವೆ ದೇವಿಮನೆ ಘಟ್ಟ. ಈ ಪ್ರಶ್ನೆಯನ್ನು ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ. ಸೊಸೈಟಿಯಲ್ಲಿ ಅಡಿಕೆ ಟೆಂಡರಿಗೆ ಕಾಯುತ್ತಿದ್ದಾಗ ಕೇಳಿದ್ದಾರೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯಿಗೆ ಹತ್ತಿ ತುರುಕಿ ಆಮೇಲೆ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುವುದು.

ಉತ್ತರ: ಇಲ್ಲ. ತಳ್ಳುವುದಿಲ್ಲ.

ಇಷ್ಟಕ್ಕೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಯಾಕೆಂದರೆ “ತಳ್ತೀರಾ” ಎಂದು ಕೇಳುವವರು ಕಮ್ಮಿ. “ಇಳಿದು ತಳ್ಳೂದೇ ಅಲ್ದಾ?” ಅನ್ನುವವರೇ ಜಾಸ್ತಿ. ತೀರ್ಪು ಮೊದಲೇ ಬರೆದಾಗಿದೆ, ನನ್ನ ಸಹಿ ಒಂದು ಬಾಕಿ. ನಾನು ಇಲ್ಲ ಎಂದರೆ ಮುಖ ಸ್ವಲ್ಪ ಸಣ್ಣದಾಗುತ್ತದೆ. ಆಮೇಲೆ ತಟ್ಟನೆ ಬೆಳಗುತ್ತದೆ: “ಓ, ಗೇರ್ ಇದೆ ಅಲ್ವಾ! ಮತ್ತೆಂತ ಕಷ್ಟ!”

ಗೇರ್ ಎಂದರೆ ಮೋಟಾರ್ ಅಲ್ಲ ಮಾರಾಯ್ರೆ. ನನ್ನ ಸೈಕಲ್ಲಿನ ಅತಿ ಹಗುರದ ಗೇರಿನಲ್ಲಿ ಪೆಡಲಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ಹಲ್ಲುಚಕ್ರಕ್ಕೂ 34. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ಮುಂದೆ ಹೋಗುವುದು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಏಳೂವರೆ ಕಿಲೋಮೀಟರ್ ಆಗುತ್ತದೆ, ಅಷ್ಟೆ. ಹಳೇ ಕರಿ ಸೈಕಲ್ಲಿನಲ್ಲಿ ಅದೇ ಒಂದು ಸುತ್ತಿಗೆ ಐದು ಮೀಟರ್ ದಾಟುತ್ತದೆ. ಘಟ್ಟ ಎರಡಕ್ಕೂ ಅದೇ. ಒಂದು ಮೂಟೆ ಅಡಿಕೆಯನ್ನು ಬುಟ್ಟಿ ಬುಟ್ಟಿ ಮಾಡಿ ಹೊತ್ತ ಹಾಗೆ. ಸೊಂಟ ಉಳಿಯುತ್ತದೆ, ಅಡಿಕೆಯ ತೂಕ ಇಳಿಯುವುದಿಲ್ಲ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ವಯಸ್ಸಾದವರು ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಅವರು ನಿಜವಾಗಿ ತಳ್ಳಿದವರು. ನಮ್ಮ ಅಪ್ಪಯ್ಯನ ಹತ್ತಿರ ಅಟ್ಲಾಸ್ ಇತ್ತು. ಹಿಂದೆ ಕ್ಯಾರಿಯರಿಗೆ ಹಿಂಡಿ ಚೀಲ ಕಟ್ಟಿಕೊಂಡರೆ ಮನೆಯ ಮುಂದಿನ ಏರನ್ನೂ ತುಳಿಯಲಿಕ್ಕೆ ಆಗುತ್ತಿರಲಿಲ್ಲ. ಅವರಿಗೆ ಏರು ಎಂದರೆ ಇಳಿಯುವುದೇ. ಆದರೆ ಸ್ಕೂಟಿಯಲ್ಲಿ ಪಂಚಾಯ್ತಿ ಕಟ್ಟೆಯವರೆಗೆ ಹೋಗುವವರು, ಅದೂ ಮೂವತ್ತು ದಾಟದವರು, ನಗುತ್ತಾ ಕೇಳುತ್ತಾರಲ್ಲ, ಅವರಿಗೇ ಈ ಬರಹ.

ಇಳಿಯದಿರಲು ನನಗೆ ಇನ್ನೊಂದು ಕಾರಣವೂ ಇದೆ, ಉಂಬಳ, ಅಂದರೆ ಜಿಗಣೆ. ಸೈಕಲ್ ಮೇಲೆ ಇದ್ದವನಿಗೆ ಅದು ಹತ್ತುವುದಿಲ್ಲ. ರಸ್ತೆ ಅಂಚಿನಲ್ಲಿ ನಿಂತವನ ಬೂಟು ಹತ್ತಿ, ಕಾಲುಚೀಲ ದಾಟಿ, ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

ಈಗ ಆ ಒಂದು ಸಲದ ಕತೆ. ಇದನ್ನು ಬರೆಯದಿದ್ದರೆ ಕತಗಾಲದವರು ಬರೆಯುತ್ತಾರೆ.

ದೀಪಾವಳಿಗೆ ಒಂದು ವಾರ ಇತ್ತು. ರಸ್ತೆ ಅಗಲ ಮಾಡುವ ಕೆಲಸ ಶುರುವಾಗುವ ಮೊದಲಿನ ಮಾತು. ಕುಮಟಾದಿಂದ ವಾಪಸು ಬರುವಾಗ ಕತಗಾಲದಲ್ಲಿ ಚಹಾಕ್ಕೆ ನಿಂತೆ. ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ರಸ್ತೆ ಮುಳುಗುವ ಊರು ಅದು. ಅಂಗಡಿಯ ಬೆಂಚಿನ ಮೇಲೆ ಅರವತ್ತರ ಆಸುಪಾಸಿನವರೊಬ್ಬರು ಕೂತಿದ್ದರು, ಹೆಗಲ ಮೇಲೆ ಟವೆಲ್ಲು.

“ಎಲ್ಲಿಗೆ ತಮಾ?”

“ಶಿರಸಿಗೆ.”

“ಇದರ ಮೇಲಾ? ಘಟ್ಟದಲ್ಲಿ ಇಳಿದು ತಳ್ಳೂದು ಅಲ್ದಾ?”

“ಇಲ್ಲ,” ಎಂದೆ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. “ಇವತ್ತಿನವರೆಗೆ ಈ ಘಟ್ಟದಲ್ಲಿ ಕಾಲು ನೆಲಕ್ಕೆ ತಾಗಿಸಿಲ್ಲ,” ಎಂದೂ ಸೇರಿಸಿದೆ. ಅವರು “ಹಾಂ” ಎಂದು ಬನ್ಸ್ ಕಡೆ ತಿರುಗಿದರು. ಆ “ಹಾಂ” ನನಗೆ ಸರಿ ಬರಲಿಲ್ಲ.

ಘಟ್ಟದ ಮುಕ್ಕಾಲು ಭಾಗ ಚೆನ್ನಾಗಿಯೇ ಹತ್ತಿದೆ. ಮೇಲೆ ದೇವಿಯ ಗುಡಿಗೆ ಇನ್ನೂ ಕೆಲವು ತಿರುವು ಇರುವಾಗ ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿತು. ಬಸ್ಸು ಬಂದರೆ ನನಗೆ ಒಂದು ಕೆಟ್ಟ ಚಟ. ಸೀಟಿನಿಂದ ಎದ್ದು ನಿಂತು ಜೋರಾಗಿ ತುಳಿಯುತ್ತೇನೆ, ಕಿಟಕಿಯಲ್ಲಿ ಕೂತವರು ನೋಡಲಿ ಅಂತ. ಅವತ್ತೂ ಎದ್ದೆ. ಪೂರ್ತಿ ಭಾರ ಪೆಡಲ್ ಮೇಲಿರುವಾಗಲೇ ಗೇರ್ ಬದಲಿಸಿದೆ. ಹಾಗೆ ಮಾಡಬಾರದು. ಎಳೆತ ಬಿದ್ದ ಚೈನು ಹಲ್ಲಿನಿಂದ ಹಲ್ಲಿಗೆ ಹಾರುವಾಗ ಓರೆಯಾಗುತ್ತದೆ, ಪಿನ್ನು ಕಿತ್ತು ಬರುತ್ತದೆ. ಇದು ನನಗೆ ಗೊತ್ತಿತ್ತು. ಬೇರೆಯವರಿಗೆ ಪಾಠ ಹೇಳಿದವನೂ ನಾನೇ.

ಟಕ್ ಎಂದಿತು. ಚೈನು ಹಾವಿನ ಹಾಗೆ ರಸ್ತೆ ಮೇಲೆ ಬಿತ್ತು.

ಇಳಿದೆ. ಚೈನು ಎತ್ತಿ ಕಿಸೆಗೆ ಹಾಕಿದೆ. ಸೈಕಲ್ ತಳ್ಳಿದೆ. ಎಣಿಸಿದರೆ ಇಪ್ಪತ್ತು ಹೆಜ್ಜೆ ಇರಬಹುದು. ಸರಿಯಾಗಿ ಅಷ್ಟರಲ್ಲಿ ಬಸ್ಸು ನನ್ನ ಪಕ್ಕಕ್ಕೆ ಬಂತು. ಏರಿನಲ್ಲಿ ಬಸ್ಸು ಎಷ್ಟು ನಿಧಾನ ಹೋಗುತ್ತದೆ ಗೊತ್ತಲ್ಲ. ಕಿಟಕಿಯಲ್ಲಿ ಟವೆಲ್ಲಿನವರು. ತಲೆ ಹೊರಗೆ ಹಾಕಿ ಕೂಗಿದರು: “ತಳ್ಳು ತಮಾ, ತಳ್ಳು!” ಕುಹಕ ಇರಲಿಲ್ಲ. ನಿಜವಾಗಿ ಹುರಿದುಂಬಿಸುತ್ತಿದ್ದರು. ಕುಹಕವಾಗಿದ್ದರೆ ತಡೆದುಕೊಳ್ಳಬಹುದಿತ್ತು.

“ಚೈನ್ ತುಂಡಾಯ್ತು!” ಎಂದು ಕೂಗಿದೆ. ಬಸ್ಸಿನ ಸದ್ದಿಗೆ ಕೇಳಿರಲಿಕ್ಕಿಲ್ಲ. ಕೇಳಿದ್ದರೂ ಯಾರು ನಂಬುತ್ತಾರೆ.

ಚೈನು ಕಟ್ಟುವ ಸಾಮಾನು ಮನೆಯಲ್ಲಿ, ಇನ್ನೊಂದು ಚೀಲದಲ್ಲಿ. ಫೋನಿಗೆ ಸಿಗ್ನಲ್ ಇಲ್ಲ. ಮುಂದೆ ಗುಡಿ, ಆಮೇಲೆ ರಾಗಿಹೊಸಳ್ಳಿ, ಆಮೇಲೆ ಏರು ಇಳಿವಿನ ರಸ್ತೆ ಶಿರಸಿಯವರೆಗೆ. ಚೈನಿಲ್ಲದೆ ಅದು ರಾತ್ರಿಯಿಡೀ ನಡಿಗೆ. ಹಿಂದಕ್ಕೆ ತಿರುಗಿದರೆ ಕತಗಾಲದವರೆಗೆ ಬರೀ ಇಳಿಜಾರು. ಇಳಿಯಲಿಕ್ಕೆ ಚೈನು ಯಾಕೆ? ತಿರುಗಿದೆ. ಎರಡು ತಿರುವು ಇಳಿಯುವುದರೊಳಗೆ ಗುಡುಗು, ಮಳೆ.

ಯಾರೂ ಕೇಳದ ಪ್ರಶ್ನೆ ಇಲ್ಲಿದೆ. ಘಟ್ಟ ಹತ್ತುವುದರ ಬಗ್ಗೆ ಊರಿಗೆ ಊರೇ ಕೇಳುತ್ತದೆ. ಇಳಿಯುವುದು ಹೇಗೆ ಎಂದು ಒಬ್ಬರೂ ಕೇಳುವುದಿಲ್ಲ. “ಇಳಿಯೂದು ಸಸಾರ, ಸುಮ್ನೆ ಕೂತ್ರೆ ಆಯ್ತು” ಅನ್ನುತ್ತಾರೆ. ಸುಮ್ನೆ ಕೂತರೆ ಮೂರನೇ ತಿರುವಿನಲ್ಲಿ ಕಂದಕ.

ಲೆಕ್ಕ ನೋಡಿ. ನಾನು, ಸೈಕಲ್ಲು, ನೀರು, ಎಲ್ಲ ಸೇರಿ 85 ಕಿಲೋ. 400 ಮೀಟರ್ ಎತ್ತರ ಇಳಿಯುತ್ತೇನೆ ಅಂತ ಇಟ್ಟುಕೊಳ್ಳಿ. ಆ ಶಕ್ತಿ ಎಲ್ಲಿಗಾದರೂ ಹೋಗಬೇಕಲ್ಲ. ಒಂದು ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಅದು. ಒಂದಷ್ಟನ್ನು ಗಾಳಿ ತಿನ್ನುತ್ತದೆ. ಉಳಿದದ್ದು ಹೆಬ್ಬೆರಳಿನಷ್ಟು ಅಗಲದ ನಾಲ್ಕು ಬ್ರೇಕ್ ರಬ್ಬರು ಮತ್ತು ರಿಮ್ಮಿನ ಪಾಲು. ಲಾರಿಯವರು ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ, ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಸೈಕಲ್ಲಿಗೆ ಆ ಭಾಗ್ಯ ಇಲ್ಲ. ಬ್ರೇಕನ್ನು ಹಿಡಿದೇ ಇಟ್ಟರೆ ರಿಮ್ ಕಾದು ಟ್ಯೂಬು ಒಡೆಯಬಹುದು. ಅದಕ್ಕೆ ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿಯಬೇಕು, ತಿರುವಿನಲ್ಲಿ ಬಿಡಬೇಕು. ಬಿಡುವುದೇ ಕಷ್ಟ. ಮನಸ್ಸು ಒಪ್ಪುವುದಿಲ್ಲ.

ಮಳೆಯಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. ಬ್ರೇಕ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ. ರಬ್ಬರು ರಿಮ್ಮಿನ ನೀರನ್ನು ಒರೆಸುವುದರಲ್ಲೇ ಇರುತ್ತದೆ. ಎರಡು ಮೂರು ಸುತ್ತು ಗಾಲಿ ತಿರುಗಿದ ಮೇಲೆ ತಟ್ಟನೆ ಹಿಡಿಯುತ್ತದೆ. ಆ ಎರಡು ಮೂರು ಸುತ್ತಿನಲ್ಲಿ ಮನೆದೇವರು, ಕಟ್ಟದ ಇನ್ಶೂರೆನ್ಸು, ಆಯಿ ಬೆಳಿಗ್ಗೆ “ಮೋಡ ಇದ್ದು, ಹೋಗಡ” ಅಂದದ್ದು, ಎಲ್ಲ ನೆನಪಾಗುತ್ತದೆ. ರಸ್ತೆ ಮೇಲೆ ಒದ್ದೆ ಎಲೆ. ಒಂದು ತಿರುವಿನಲ್ಲಿ ದನ ಮಲಗಿತ್ತು. ಇನ್ನೊಂದರಲ್ಲಿ ಮೇಲೆ ಬರುವ ಲಾರಿ ಪೂರ್ತಿ ನನ್ನ ಕಡೆಗೇ ಬಂತು. ಮಣ್ಣಿನ ಅಂಚಿಗೆ ಇಳಿದು, ಒಂದು ಕಾಲು ಊರಿ, ರಸ್ತೆ ಬದಿಯ ಧರೆಗೆ ಒರಗಿ ನಿಂತೆ. ಲಾರಿಯವ ಹಾರ್ನ್ ಹೊಡೆದು ಹೋದ. ಬೆರಳು ಬಿಡಿಸಲಿಕ್ಕೆ ಬರುತ್ತಿರಲಿಲ್ಲ. ಬ್ರೇಕಿನ ಹಿಡಿಯಿಂದ ಒಂದೊಂದೇ ಕಿತ್ತು ತೆಗೆದೆ.

ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಇಳಿಯುವವರೇ. ಶಿರಸಿ ಇರುವುದು ಸಮುದ್ರಕ್ಕಿಂತ ಸುಮಾರು 590 ಮೀಟರ್ ಮೇಲೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕೂ ಘಟ್ಟ ಇಳಿದೇ ಕಡಲು ಸೇರಬೇಕು. ಕಾಳಿಗೆ ಬ್ರೇಕ್ ಹಾಕಿದ್ದಾರೆ: ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ. ಗಂಗಾವಳಿಗೆ, ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಹಾಗೇ ಹಾರುತ್ತಾಳೆ. ಅವಳನ್ನು ನೋಡಲಿಕ್ಕೆ ಜನ ಟಿಫಿನ್ ಕಟ್ಟಿಕೊಂಡು ಹೋಗುತ್ತಾರೆ. ಎಲ್ಲರೂ ನೋಡುವುದು ಇಳಿಯುವುದನ್ನೇ. ನನ್ನ ವಿಷಯ ಬಂದಾಗ ಮಾತ್ರ ಹತ್ತುವುದರ ಲೆಕ್ಕ.

ಕತಗಾಲ ಮುಟ್ಟಿದಾಗ ಕೈ ಪೂರ್ತಿ ಕಪ್ಪು. ಬ್ರೇಕ್ ರಬ್ಬರು, ಅಲ್ಯೂಮಿನಿಯಂ ಪುಡಿ, ನೀರು ಸೇರಿ ಆಗುವ ಮಸಿ ಅದು. ಅಂಗಡಿಯವನು ಕೇಳದೆಯೇ ಚಹಾ ಕೊಟ್ಟ. ಆಮೇಲೆ ಹೇಳಿದ: “ತಳ್ಳಿದ್ರಂತೆ?”

ಘಟ್ಟದಲ್ಲಿ ಫೋನ್ ಸಿಗುವುದಿಲ್ಲ ಎಂದೆನಲ್ಲ. ಕೆಳಗೆ ಬರುವ ಬಸ್ಸಿನಲ್ಲಿ ಸುದ್ದಿ ಬಂದಿತ್ತು. ನನಗಿಂತ ಜೋರಾಗಿ ಇಳಿದಿದೆ.

ಚೈನು ತುಂಡಾಯಿತು ಎಂದೆ. ಕಿಸೆಯಿಂದ ತೆಗೆದು ತೋರಿಸಿದೆ, ಕೋರ್ಟಿನಲ್ಲಿ ಸಾಕ್ಷಿ ಇಟ್ಟ ಹಾಗೆ. “ಹೌದು ಹೌದು” ಎಂದು ಎಲ್ಲರೂ ತಲೆ ಆಡಿಸಿದರು. ಮಗು ಸುಳ್ಳು ಹೇಳುವಾಗ ದೊಡ್ಡವರು ಹಾಗೇ ತಲೆ ಆಡಿಸುತ್ತಾರೆ.

ಸಂಜೆ ಶಿರಸಿ ಬಸ್ಸು ಬಂತು. ಮುಂದಿನ ಗಾಲಿ ಬಿಚ್ಚಿ ಸೈಕಲ್ಲನ್ನು ಹಿಂದಿನ ಸೀಟಿನ ಹತ್ತಿರ ಇಟ್ಟು, ಮುಂದೆ ಬಂದು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತೆ. ಡ್ರೈವರ್ ನನ್ನ ಕೈ ನೋಡಿದರು. ಮತ್ತೆ ರಸ್ತೆ ನೋಡಿದರು.

“ಮಳೇಲಿ ಕೆಳಗೆ ಬಂದ್ರಾ?”

“ಹೌದು.”

“ಬ್ರೇಕ್ ಹಿಡೀತಾ?”

ಹತ್ತು ವರ್ಷದಲ್ಲಿ ಮೊದಲ ಸಲ. ಅಳು ಬರುವುದೊಂದು ಬಾಕಿ. ರಬ್ಬರು, ರಿಮ್ಮು, ದನ, ಲಾರಿ, ಬೆರಳು, ಎಲ್ಲ ಹೇಳಿದೆ. ಅವರು ಗೇರ್ ಇಳಿಸುತ್ತಾ, ತಿರುವಿಗೊಮ್ಮೆ “ಹೂಂ” ಎನ್ನುತ್ತಾ ಕೇಳಿದರು. ಲಾರಿ ಬಂದ ತಿರುವಿನಲ್ಲಿ ನಾನು ಬೆರಳು ತೋರಿಸುವ ಮೊದಲೇ “ಇಲ್ಲೇ ಅಲ್ವಾ?” ಎಂದರು. ಗುಡಿಯ ಮುಂದೆ ಬಸ್ಸು ನಿಧಾನ ಮಾಡಿ ಕೈ ಮುಗಿದರು. ನಾನೂ ಮುಗಿದೆ.

ಅಷ್ಟರಲ್ಲಿ ಕಂಡಕ್ಟರ್ ಬಂದು ಸೈಕಲ್ಲಿನ ಲಗೇಜ್ ಟಿಕೆಟ್ ಕೊಟ್ಟರು.

“ಚೈನ್ ತುಂಡಾಯ್ತಾ?”

“ಹೌದು.”

“ಹಾಂಗಾದ್ರೆ ತಳ್ಳಿದ್ದು ಹೌದು!”