ಅಡ್ಜಸ್ಟ್‌ಮೆಂಟ್ ಕೊಡದ ಲೆಕ್ಕ

"ನೀನು ಕಾಮರ್ಸ್ ಅಲ್ವಾ? ನಿನ್ನನ್ನ ಐಟಿ ಕಂಪನಿಗೆ ಹೇಗೆ ತಗೊಂಡ್ರು?"

2018ರಲ್ಲಿ ದಾವಣಗೆರೆಯಲ್ಲಿ ನನ್ನನ್ನು ಈ ಪ್ರಶ್ನೆ ಕೇಳದವರಿಲ್ಲ. ಅದಕ್ಕೆ ಉತ್ತರವನ್ನು ನಾನು ಓದಿದ ಕಾಲೇಜಿನವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವವರಿಗೂ ತಿಂಗಳ ಸಂಬಳ ಆಗಬೇಕು. ಅವರು ಬರೆದದ್ದಕ್ಕೆ ಅಮೆರಿಕದ ಗಿರಾಕಿಗೆ ಬಿಲ್ ಹೋಗಬೇಕು. ಬಂದ ಡಾಲರ್ ಬ್ಯಾಂಕಿಗೆ ಸೇರಬೇಕು, ಟಿಡಿಎಸ್ ಕಟ್ಟಬೇಕು, ಜಿಎಸ್‌ಟಿ ರಿಟರ್ನ್ ಹಾಕಬೇಕು. ಅದಕ್ಕೆಲ್ಲ ನಮ್ಮಂಥ ಕಾಮರ್ಸಿನವರೇ ಬೇಕು.

ನಾನು ಹೋದದ್ದು ನೌಕರಿಗಲ್ಲ, ಒಂದು ವರ್ಷದ ತರಬೇತಿಗೆ. ಸಿಎ ಓದುವವರು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡಬೇಕು. ಆಗ ಅದು 3 ವರ್ಷ ಇತ್ತು, 2023ರಿಂದ 2 ವರ್ಷ ಆಗಿದೆ. ಅದರ ಕೊನೆಯ ಭಾಗವನ್ನು ಆಡಿಟ್ ಆಫೀಸಿನ ಬದಲು ಕಂಪನಿಯೊಂದರ ಫೈನಾನ್ಸ್ ವಿಭಾಗದಲ್ಲಿ ಮಾಡಲು ಅವಕಾಶ ಉಂಟು. ಇಂಡಸ್ಟ್ರಿಯಲ್ ಟ್ರೈನಿಂಗ್ ಅಂತಾರೆ. ಸಿಎಯ ನಡುವಿನ ಹಂತದ ಪರೀಕ್ಷೆ, ಇಂಟರ್‌ಮೀಡಿಯೆಟ್, ಪಾಸಾಗಿರಬೇಕು. ಕಂಪನಿಯಲ್ಲಿ ನಮ್ಮನ್ನು ನೋಡಿಕೊಳ್ಳುವವರು ಸಿಎ ಇನ್‌ಸ್ಟಿಟ್ಯೂಟ್ ಸದಸ್ಯರಾಗಿರಬೇಕು, ಅಂದರೆ ಅವರೂ ಸಿಎ ಆಗಿರಬೇಕು. ಪ್ರಿನ್ಸಿಪಾಲರಿಗೆ 3 ತಿಂಗಳು ಮೊದಲೇ ಹೇಳಬೇಕು. (ಸಿಎ ಭಾಷೆಯಲ್ಲಿ ಪ್ರಿನ್ಸಿಪಾಲ್ ಅಂದರೆ ಆಡಿಟ್ ಆಫೀಸಿನ ಯಜಮಾನರು. ನಮ್ಮ ಕಾಲೇಜಿನವರು ಗಾಬರಿಯಾಗಬೇಡಿ.) ನಮ್ಮ ಯಜಮಾನರು ಅರ್ಜಿಗೆ ಸಹಿ ಹಾಕುತ್ತಾ, "ಟ್ಯಾಕ್ಸ್ ಆಡಿಟ್ ಸೀಸನ್‌ಗೇ ಕೈ ಕೊಡ್ತೀಯಲ್ಲಮ್ಮ" ಅಂದಿದ್ದರು.

ಅವರ ಮಾತಿನಲ್ಲಿ ಅರ್ಥ ಇತ್ತು. ಅವರ ಆಫೀಸಿನಲ್ಲಿ ಕಳೆದ ಎರಡು ವರ್ಷ ನನಗೆ ಅಕ್ಕಿ ಗಿರಣಿ, ಮೆಕ್ಕೆಜೋಳದ ಮಂಡಿ, ಅಡಿಕೆ ವ್ಯಾಪಾರಿಗಳು, ಒಂದೆರಡು ಸಹಕಾರ ಸಂಘ ಇವೇ ಪ್ರಪಂಚ. ವೋಚರ್ ಕಟ್ಟು ಬಿಚ್ಚಿ ಹಸಿರು ಪೆನ್ನಲ್ಲಿ ಟಿಕ್ ಹಾಕುವುದು, ಟ್ಯಾಲಿ ಸಾಫ್ಟ್‌ವೇರಿನಲ್ಲಿ ಲೆಕ್ಕ ನೋಡುವುದು, ಟ್ಯಾಕ್ಸ್ ಆಡಿಟ್‌ನ ಕೊನೆಯ ದಿನ ಸೆಪ್ಟೆಂಬರ್ 30 ಹತ್ತಿರ ಬಂದಂತೆ ಊಟ ನಿದ್ದೆ ಮರೆಯುವುದು. ಆದರೆ ಅಲ್ಲಿ ಒಂದು ಸುಖ ಇತ್ತು. ಮಾಲೀಕರು ಎದುರಿಗೇ ಕೂತಿರುತ್ತಿದ್ದರು. "ಸಾಹುಕಾರ್ರೇ, ಈ ನಲವತ್ತು ಸಾವಿರ ಯಾರಿಗೆ ಕೊಟ್ಟಿದ್ದು?" ಅಂದರೆ ಚಹಾ ತರಿಸಿ ಅದರ ಹಿಂದಿನ ಕಥೆಯನ್ನೆಲ್ಲ ಹೇಳುತ್ತಿದ್ದರು. ಇಡೀ ವ್ಯಾಪಾರ ಒಬ್ಬರ ತಲೆಯಲ್ಲಿ ಇರುತ್ತಿತ್ತು.

ಎಲೆಕ್ಟ್ರಾನಿಕ್ಸ್ ಸಿಟಿಯ ಆ ಕಂಪನಿಯಲ್ಲಿ ಯಾರ ತಲೆಯಲ್ಲೂ ಇಡೀ ವ್ಯಾಪಾರ ಇರಲಿಲ್ಲ. ಹೆಸರು ಬರೆಯುವುದಿಲ್ಲ, ಒಳಗಿನ ಮಾತು ಹೊರಗೆ ಹೇಳುವುದಿಲ್ಲ ಅಂತ ಸಹಿ ಹಾಕಿಕೊಟ್ಟಿದ್ದೇನೆ. ಕಂಪನಿಯ ಲೆಕ್ಕ ಇಡುವ ಸ್ಯಾಪ್ ಸಾಫ್ಟ್‌ವೇರ್‌ನಲ್ಲಿ ಎಫ್‌ಬಿಎಲ್3ಎನ್ ಅಂತ ಟೈಪ್ ಮಾಡಿ ಒಂದು ಖಾತೆ ತೆರೆದರೆ ಎಂಟ್ರಿಗಳು ಮುಗಿಯುವುದೇ ಇಲ್ಲ. ಎಕ್ಸೆಲ್‌ನ ಒಂದು ಶೀಟಿನಲ್ಲಿ 10,48,576 ಸಾಲು ಹಿಡಿಯುತ್ತವೆ. ಅದೂ ಸಾಲದೆ ಬರುವ ಲೆಕ್ಕ ಇರುತ್ತದೆ ಅಂತ ದಾವಣಗೆರೆಯಲ್ಲಿ ನಾನು ಎಣಿಸಿಯೇ ಇರಲಿಲ್ಲ. ಟ್ರೈನಿಗಳಿಗೆ ಎಂಟ್ರಿಯನ್ನು 'ಪಾರ್ಕ್' ಮಾಡುವ ಅಧಿಕಾರ ಮಾತ್ರ. ಅದನ್ನು ನೋಡಿ 'ಪೋಸ್ಟ್' ಮಾಡುವವರು ಬೇರೆ. ಬರೆದವರೇ ಒಪ್ಪಿಗೆ ಕೊಡುವ ಹಾಗಿಲ್ಲ. ನಮ್ಮ ಪಠ್ಯದಲ್ಲಿ 'ಇಂಟರ್ನಲ್ ಚೆಕ್' ಅಂತ ಎರಡು ಪುಟ ಇತ್ತಲ್ಲ, ಅದು ಇದೇ.

ಈಗ ಮುಖ್ಯ ವಿಷಯ. ಪರೀಕ್ಷೆಯಲ್ಲಿ ಫೈನಲ್ ಅಕೌಂಟ್ಸ್ ಲೆಕ್ಕ ಹೇಗಿರುತ್ತದೆ? ಮೇಲೆ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಶಿಲ್ಕಿನ ಪಟ್ಟಿ. ಕೆಳಗೆ ಅಡ್ಜಸ್ಟ್‌ಮೆಂಟ್ಸ್, ಅಂದರೆ ಆ ಪಟ್ಟಿಗೆ ಇನ್ನೂ ಸೇರದ ಬಾಬ್ತುಗಳು. ಸಂಬಳ ಬಾಕಿ 5,000. ಮುಂಗಡ ವಿಮೆ 1,200. ಕೊಟ್ಟಿದ್ದನ್ನು ಎರಡು ಕಡೆ ಬರೆದರೆ ಮಾರ್ಕ್ಸ್. ಬ್ಯಾಲೆನ್ಸ್ ಶೀಟ್ ತಾಳೆಯಾದರೆ ಹಬ್ಬ. ಆ 5,000 ಎಲ್ಲಿಂದ ಬಂತು, ಯಾರು ಹೇಳಿದರು ಅಂತ ನಾವು ಒಂದು ದಿನವೂ ಕೇಳಲಿಲ್ಲ. ಕಂಪನಿಯಲ್ಲಿ ನನಗೆ ಕೊಟ್ಟ ಕೆಲಸವೇ ಆ 5,000ವನ್ನು ಹುಡುಕುವುದು. ಟ್ರಯಲ್ ಬ್ಯಾಲೆನ್ಸ್ ಕಂಪ್ಯೂಟರ್ ಕೊಡುತ್ತದೆ. ಅಡ್ಜಸ್ಟ್‌ಮೆಂಟ್ ಯಾರೂ ಕೊಡುವುದಿಲ್ಲ.

ಇದಕ್ಕೆ ಅಕ್ರೂಯಲ್ ಅಂತಾರೆ. ತಿಂಗಳ ಕೊನೆಗೆ ಕೆಲಸ ಆಗಿದೆ, ಬಿಲ್ ಬಂದಿಲ್ಲ. ಅಂಥ ಖರ್ಚನ್ನೆಲ್ಲ ಅಂದಾಜು ಮಾಡಿ ಬರೆಯಬೇಕು. ಮುಂದಿನ ತಿಂಗಳ ಮೊದಲ ದಿನ ಅದನ್ನು ತಿರುಗಿಸಿ ಹಾಕಬೇಕು, ಇಲ್ಲದಿದ್ದರೆ ನಿಜವಾದ ಬಿಲ್ ಬಂದಾಗ ಒಂದೇ ಖರ್ಚು ಎರಡು ಸಲ ಕೂತುಬಿಡುತ್ತದೆ. ಹೇಳಲು ಇಷ್ಟೇ. ಮಾಡಲು ಫೋನ್ ಹಿಡಿದು ಕೂರಬೇಕು. ಹುಬ್ಬಳ್ಳಿ ಕಡೆಯ ಮ್ಯಾನೇಜರ್ ಒಬ್ಬರ ಜೊತೆ ಪ್ರತಿ ತಿಂಗಳೂ ಹೆಚ್ಚುಕಡಿಮೆ ಇದೇ ಮಾತುಕತೆ:

"ಬಿಲ್ ಬಂದಿಲ್ರೀ ಇನ್ನಾ. ಬಂದ ಮ್ಯಾಲ ಕಳಸ್ತೀನಿ."

"ಸರ್, ಬಿಲ್ ಬೇಡ. ಕೆಲಸ ಆಗಿದೆಯಾ ಹೇಳಿ ಸಾಕು."

"ಕೆಲ್ಸ ಆಗಿ ಹದಿನೈದು ದಿನ ಆತಲ್ಲ."

"ಎಷ್ಟಾಗಬಹುದು ಸರ್?"

"ಅದನ್ನ ಬಿಲ್ ನೋಡೇ ಹೇಳಬೇಕ್ರೀ!"

ಕೊನೆಗೆ ಪರ್ಚೇಸ್ ಆರ್ಡರ್ ತೆಗೆಸಿ, ಅದರಲ್ಲಿ ಎಷ್ಟು ಭಾಗ ಮುಗಿದಿದೆ ಅಂತ ಅವರ ಬಾಯಿಂದಲೇ ಹೇಳಿಸಿ, ಅದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ ಅಂತ ಬೇಡಿಕೊಳ್ಳಬೇಕು. ಬಾಯಿಮಾತು ಆಡಿಟರ್‌ಗೆ ನಡೆಯುವುದಿಲ್ಲ. ಎಷ್ಟು ಸಲ ಕೇಳಿದರೂ ಬೇಸರ ಮಾಡಿಕೊಳ್ಳದೆ ಉತ್ತರ ಕೊಟ್ಟ ಆ ಸರ್‌ಗೆ ಇಲ್ಲಿಂದಲೇ ನಮಸ್ಕಾರ.

ಒಂದೊಂದು ಖರ್ಚಿನದು ಒಂದೊಂದು ಗುಣ. ಕ್ಯಾಬ್‌ನವರ ಬಿಲ್ ಟ್ರಿಪ್ ಶೀಟ್ ಸಮೇತ ಎರಡು ತಿಂಗಳು ತಡವಾಗಿ ಬರುತ್ತದೆ, ಆದರೆ ಅಂದಾಜು ಸುಲಭ. ಬೆಸ್ಕಾಂ ಬಿಲ್ ಹಿಂದಿನ ತಿಂಗಳು ನೋಡಿ ಬರೆಯಬಹುದು. ಜನರೇಟರ್ ಡೀಸೆಲ್‌ಗೆ ಕರೆಂಟ್ ಎಷ್ಟು ಸಲ ಹೋಯಿತು ಅಂತ ಕೇಳಬೇಕು. ಎಲ್ಲರಿಗಿಂತ ಕಷ್ಟ ವಕೀಲರದು. ಕೇಸು ನಡೆಯುತ್ತಲೇ ಇರುತ್ತದೆ, ಫೀಸಿನ ಮಾತೇ ಇಲ್ಲ. ಕೇಳಿದರೆ "ಆಮೇಲೆ ನೋಡೋಣ" ಅಂತಾರೆ. ಆಮೇಲೆ ಬರುವ ಬಿಲ್ ನೋಡಿದರೆ ಕಣ್ಣು ಕತ್ತಲೆ ಬರುತ್ತದೆ.

ಆದಾಯದ ಕಡೆ ಇನ್ನೂ ಸ್ವಾರಸ್ಯ. ನಾನು ಸೇರಿದ್ದು 2018ರ ಜೂನ್‌ನಲ್ಲಿ. ಆ ಏಪ್ರಿಲ್ 1ರಿಂದಷ್ಟೇ ಇಂಡ್ ಎಎಸ್ 115 ಜಾರಿಗೆ ಬಂದಿತ್ತು. ಆದಾಯವನ್ನು ಯಾವಾಗ, ಎಷ್ಟು ಬರೆಯಬೇಕು ಅಂತ ಹೇಳುವ ಅಕೌಂಟಿಂಗ್ ಸ್ಟ್ಯಾಂಡರ್ಡ್ ಅದು. ಒಪ್ಪಂದದ ಮೊತ್ತ ಮೊದಲೇ ನಿಗದಿಯಾದ ಪ್ರಾಜೆಕ್ಟ್ ಅಂತ ಇಟ್ಟುಕೊಳ್ಳಿ, ಒಟ್ಟು 5 ಕೋಟಿ. ಮುಗಿಸಲು 100 ಪರ್ಸನ್ ಮಂತ್ ಕೆಲಸ ಬೇಕು ಅಂತ ಅಂದಾಜು. (ಒಬ್ಬರು ಒಂದು ತಿಂಗಳು ಮಾಡುವ ಕೆಲಸ ಒಂದು ಪರ್ಸನ್ ಮಂತ್.) 60 ಆಗಿದ್ದರೆ ಶೇಕಡಾ 60 ಮುಗಿದಿದೆ, 3 ಕೋಟಿ ಆದಾಯ ಬರೆಯಬಹುದು. ಈಗ ಪ್ರಾಜೆಕ್ಟ್ ಮ್ಯಾನೇಜರ್ ಬಂದು, "ಸ್ವಲ್ಪ ಜಾಸ್ತಿ ಆಗುತ್ತೆ, 120 ಬೇಕು" ಅಂದರು ಅನ್ನಿ. 60 ಆಗಿರುವುದು ಈಗ ಅರ್ಧ ಮಾತ್ರ. ಆದಾಯ ಎರಡೂವರೆ ಕೋಟಿಗೆ ಇಳಿಯಿತು. ಒಂದು ವಾಕ್ಯಕ್ಕೆ 50 ಲಕ್ಷ! ಅದಕ್ಕೇ ಆ ವಾಕ್ಯವನ್ನು ಯಾರೂ ಸುಲಭವಾಗಿ ಹೇಳುವುದಿಲ್ಲ. "ಇನ್ನೆಷ್ಟು ಬಾಕಿ ಇದೆ?" ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಆಲ್‌ಮೋಸ್ಟ್ ಮುಗೀತು." ಕಂಪನಿಯಲ್ಲಿ ನನ್ನ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂ ಅದನ್ನು ನಂಬುತ್ತಿರಲಿಲ್ಲ. ಟೈಮ್‌ಶೀಟ್ ತೆರೆದು, ಕಳೆದ ಮೂರು ತಿಂಗಳು ಎಷ್ಟು ಜನ ಅದರಲ್ಲಿ ಗಂಟೆ ಹಾಕಿದ್ದಾರೆ ನೋಡು ಅನ್ನುತ್ತಿದ್ದರು. ಮುಗಿಯುತ್ತಾ ಬಂದ ಪ್ರಾಜೆಕ್ಟಿನಲ್ಲಿ ಜನ ಕಡಿಮೆಯಾಗುತ್ತಾ ಬರಬೇಕು ತಾನೆ? ನಾನು ನೋಡಿದ ಒಳ್ಳೆಯ ಆಡಿಟ್ ಅಂದರೆ ಅದೇ, ಅವರ ಹುದ್ದೆಯಲ್ಲಿ ಆಡಿಟ್ ಅನ್ನುವ ಪದವೇ ಇಲ್ಲದಿದ್ದರೂ.

ಆ ಅಕ್ಟೋಬರ್‌ನಲ್ಲಿ ಡಾಲರ್ 74 ರೂಪಾಯಿ ದಾಟಿತು. ಊರಲ್ಲೆಲ್ಲ "ನಿಮ್ಮ ಕಂಪನಿಗೆ ಸುಗ್ಗಿ" ಅಂದರು. ಪೂರ್ತಿ ಸುಳ್ಳಲ್ಲ. ಆದರೆ ದೊಡ್ಡ ಕಂಪನಿಗಳು ಮುಂದೆ ಬರುವ ಡಾಲರಿನ ಒಂದಿಷ್ಟು ಭಾಗವನ್ನು ಮೊದಲೇ ಒಂದು ದರಕ್ಕೆ ಬ್ಯಾಂಕಿಗೆ ಒಪ್ಪಿಸಿರುತ್ತವೆ. ಅದು ಫಾರ್ವರ್ಡ್ ಕಾಂಟ್ರ್ಯಾಕ್ಟ್. 69ಕ್ಕೆ ಒಪ್ಪಿಕೊಂಡಿದ್ದರೆ ಮಾರುಕಟ್ಟೆಯಲ್ಲಿ 74 ಇದ್ದರೂ ಅಷ್ಟಕ್ಕೆ ಸಿಗುವುದು 69 ಮಾತ್ರ. ಇನ್ನು ಗಿರಾಕಿಯಿಂದ ಹಣ ಬರಬೇಕಾದ ಬಿಲ್‌ಗಳನ್ನು ತ್ರೈಮಾಸಿಕದ ಕೊನೆಯ ದಿನದ ದರಕ್ಕೆ ಮತ್ತೆ ಲೆಕ್ಕ ಹಾಕಬೇಕು. ಡಿಸೆಂಬರ್ ಕೊನೆಗೆ ಡಾಲರ್ 70ರ ಆಸುಪಾಸಿಗೆ ಇಳಿಯಿತು. ಸೆಪ್ಟೆಂಬರ್‌ನಲ್ಲಿ ಲಾಭ ತೋರಿಸಿದ ಅದೇ ಬಿಲ್, ಹಣ ಬರುವ ಮೊದಲೇ, ಡಿಸೆಂಬರ್‌ನಲ್ಲಿ ನಷ್ಟ ತೋರಿಸಿತು. ಗಿರಾಕಿ ಮಾತ್ರ ಡಾಲರಿನಲ್ಲಿ ಕೊಡಬೇಕಾದಷ್ಟೇ ಕೊಡುತ್ತಾನೆ.

ಹರಿಹರದ ನಮ್ಮ ಸೋದರಮಾವನಿಗೆ ಷೇರಿನ ಹುಚ್ಚು. ಪ್ರತಿ ಮೂರು ತಿಂಗಳಿಗೆ ಫೋನ್ ಬರುತ್ತಿತ್ತು. "ಹೆಂಗೈತೆ ಈ ಸಲ? ತಗೊಳ್ಳಲಾ?" ಕಂಪನಿಯ ಒಳಗಿನ ಮಾಹಿತಿ ಇಟ್ಟುಕೊಂಡು ಷೇರು ಕೊಳ್ಳುವುದು, ಅದನ್ನು ಬೇರೆಯವರಿಗೆ ಹೇಳುವುದು ಎರಡೂ ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ನಿಯಮದಡಿ ಅಪರಾಧ. 2019ರ ಏಪ್ರಿಲ್‌ನಿಂದ ಇನ್ನೂ ಬಿಗಿಯಾಯಿತು. ತ್ರೈಮಾಸಿಕ ಮುಗಿದಾಗಿನಿಂದ ಅದರ ಲಾಭನಷ್ಟದ ಫಲಿತಾಂಶ ಬಂದು 48 ಗಂಟೆ ಆಗುವ ತನಕ, ಒಳಗಿನ ಮಾಹಿತಿ ಸಿಗಬಹುದು ಅಂತ ಕಂಪನಿ ಮಾಡಿದ ಪಟ್ಟಿಯಲ್ಲಿರುವವರು ಕಂಪನಿಯ ಷೇರು ಮುಟ್ಟುವ ಹಾಗಿಲ್ಲ. "ಮಾಮ, ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು" ಅಂದರೆ ಅವನಿಗೆ ಸಿಟ್ಟು. ತಮಾಷೆ ಅಂದರೆ ನನಗೂ ಏನೂ ಗೊತ್ತಿರುತ್ತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಕ್ಯಾಬು, ಡೀಸೆಲ್ಲು, ವಕೀಲರು. ಲಾಭ ಎಷ್ಟು ಅಂತ ಅವನ ಹಾಗೇ ನಾನೂ ಟೀವಿಯಲ್ಲಿ ನೋಡಿ ತಿಳಿದುಕೊಳ್ಳುತ್ತಿದ್ದೆ.

ಫಲಿತಾಂಶ ಕೊಡಲು ನಿಯಮದಲ್ಲಿ 45 ದಿನ ಇದೆ, ವಾರ್ಷಿಕ ಆದರೆ 60. ದೊಡ್ಡ ಐಟಿ ಕಂಪನಿಗಳು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಲೆಕ್ಕ ಮುಗಿಸುವ ಆತುರ ವರ್ಕಿಂಗ್ ಡೇ 1ರಿಂದಲೇ, ಅಂದರೆ ಹೊಸ ತಿಂಗಳ ಮೊದಲ ಕೆಲಸದ ದಿನದಿಂದಲೇ ಶುರು. ಆ ದಿನಗಳಲ್ಲಿ ರಾತ್ರಿ ಕ್ಯಾಬ್ ಹಿಡಿದು ನೀಲಾದ್ರಿ ನಗರದ ಪಿಜಿಗೆ ಹೋಗುವಷ್ಟರಲ್ಲಿ ಅನ್ನ ತಣ್ಣಗಾಗಿರುತ್ತಿತ್ತು. ಫೈನಲ್ ಪರೀಕ್ಷೆಯ ಓದು ಶನಿವಾರ, ಭಾನುವಾರಕ್ಕೆ ಸೀಮಿತ. ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ. ಇಂಗ್ಲಿಷ್ ಭಯ ಮಾತ್ರ ಬೇಗ ಹೋಯಿತು. ಫೋನಲ್ಲಿ ಕೇಳಬೇಕಾದದ್ದು ಮೂರೇ ಪ್ರಶ್ನೆ: ಕೆಲಸ ಆಯಿತಾ, ಎಷ್ಟು ಆಯಿತು, ಬರೆದು ಕೊಡುತ್ತೀರಾ.

ಮೊದಲ ತ್ರೈಮಾಸಿಕದ ಫಲಿತಾಂಶ ಬಂದಾಗ ಪಿಡಿಎಫ್ ತೆರೆದು ನನ್ನ ಕೆಲಸ ಎಲ್ಲಿದೆ ಅಂತ ಹುಡುಕಿದೆ. ಅಷ್ಟೂ ಫೋನು, ಮೇಲು, ಜಗಳ 'ಇತರ ವೆಚ್ಚಗಳು' ಅನ್ನುವ ಒಂದೇ ಸಾಲಿನೊಳಗೆ ಹೋಗಿ ಕೂತಿತ್ತು. ಮೇಡಂಗೆ ತೋರಿಸಿದೆ. "ಕಾಣಿಸಲಿಲ್ಲ ಅಂದ್ರೆ ಸರಿಯಾಗಿದೆ ಅಂತ ಅರ್ಥ. ಕಾಣಿಸೋದು ಆಡಿಟರ್ ನೋಟ್‌ನಲ್ಲಿ ಬಂದ್ರೆ" ಅಂದು ನಕ್ಕರು.

ನಮ್ಮ ಕಾಮರ್ಸ್ ವಿಭಾಗಕ್ಕೆ ಒಂದು ಕೋರಿಕೆ. ಎರಡನೇ ವರ್ಷದವರಿಗೆ ಪ್ರಾಜೆಕ್ಟ್ ಕೊಡುವಾಗ ಇಂಟರ್ನೆಟ್‌ನಿಂದ ಇಳಿಸಿ ಬೈಂಡ್ ಮಾಡಿಸುವಂಥದ್ದು ಬೇಡ. ನಮ್ಮದೇ ಹಾಸ್ಟೆಲ್‌ಗೆ ಮಾರ್ಚ್ 31ಕ್ಕೆ ಬಾಕಿ ಎಷ್ಟಿತ್ತು ಅಂತ ಹುಡುಕಿಸಿ. ಮೆಸ್‌ಗೆ ತರಕಾರಿ ಹಾಕುವವರು, ಗ್ಯಾಸ್ ಏಜೆನ್ಸಿ, ಮೋಟರ್ ರಿಪೇರಿಯವರು, ನೀರಿನ ಟ್ಯಾಂಕರ್, ಎಲ್ಲರನ್ನೂ ಹೋಗಿ ಕೇಳಲಿ. ವಾರ್ಡನ್ ಸರ್ "ಬಿಲ್ ಬಂದಿಲ್ಲ" ಅಂದರೆ ಅಲ್ಲಿಗೆ ಬಿಡಬಾರದು. ಲೆಕ್ಕ ನೋಡಲು ನಾನೇ ಬರುತ್ತೇನೆ. ಬಸ್ ಚಾರ್ಜ್ ಬೇಡ, ಮೆಸ್‌ನಲ್ಲಿ ಊಟ ಹಾಕಿಸಿದರೆ ಸಾಕು. ಅದನ್ನೂ ಆ ತಿಂಗಳ ಖರ್ಚಿಗೇ ಸೇರಿಸಿ.