ನಾನು ಉಜ್ಜಿ ಹಾಳು ಮಾಡಿದ ಬಾಗಿಲು

ಹಳೇ ಗಾಡಿ ಮಾರುವ ಅಂಗಡಿಗೆ ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ ನಾನೊಂದು ಬಾಗಿಲು ಹಾಳು ಮಾಡಿದೆ. ಎಲ್ಲೂ ಗುದ್ದಲಿಲ್ಲ, ಗೀರಲಿಲ್ಲ. ಚೆನ್ನಾಗಿ ಉಜ್ಜಿದೆ, ಅಷ್ಟೇ.

ಅಂಗಡಿ ಇರುವುದು ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕ. ಗಂಡನ ಕೆಲಸದಿಂದಾಗಿ ಇಲ್ಲಿಗೆ ಬಂದವಳು ನಾನು. ಎಚ್4, ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಸಂಗಾತಿಯ ವೀಸಾ ಇರುವ ಕೆಲವರಿಗೆ ಕೊಡುವ ಕೆಲಸದ ಪರ್ಮಿಟ್ ಕೈಗೆ ಬಂದಾಗ ಪರಿಚಯದವರೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡು ಅಂದರು. ನನಗೆ ಅದು ಹತ್ತಲಿಲ್ಲ. ನಮ್ಮಪ್ಪ ದಾವಣಗೆರೆಯಲ್ಲಿ ಲಾರಿಗಳಿಗೆ ಪೇಂಟ್ ಹೊಡೆದು, ಅಕ್ಷರ ಬರೆದು ನಮ್ಮನ್ನು ಓದಿಸಿದವರು. ಟರ್ಪಂಟೈನ್ ವಾಸನೆಯಲ್ಲಿ ಹೋಂವರ್ಕ್ ಮಾಡಿ ಬೆಳೆದ ನನಗೆ ಈ ಶೆಡ್ ನೋಡಿದ ಕೂಡಲೇ ಮನೆಗೆ ಬಂದ ಹಾಗಾಯಿತು. ಗಾಡಿಗಳು ಅಂಗಡಿಯವಲ್ಲ. ಮಾಲೀಕರು ತಂದು ಬಿಟ್ಟು ಹೋಗುತ್ತಾರೆ, ಮಾರಿಕೊಟ್ಟರೆ ಕಮಿಷನ್. ಗಾಡಿ ತೊಳೆದು, ಫೋಟೋ ತೆಗೆದು, ಜಾಹೀರಾತು ಬರೆಯುವುದು ನನ್ನ ಪಾಲಿನ ಕೆಲಸ.

ಆ ದಿನ ಬಂದದ್ದು 1972ರ ಷೆವರ್ಲೆ ಸಿ10 ಪಿಕಪ್. ಅರಿಶಿನ ಬಣ್ಣ, ಮೇಲ್ಛಾವಣಿ ಬಿಳಿ. ಈ ಆಕಾರದ ಪಿಕಪ್ 1967ರಿಂದ 1972ರವರೆಗೆ ಬಂತು. ನೋಡೋಕೆ ಎಲ್ಲ ಒಂದೇ ಥರ, ಆದರೆ ವರ್ಷ ಗುರುತಿಸೋಕೆ ಗುಟ್ಟುಗಳಿವೆ. ಪಕ್ಕದಲ್ಲಿ ಪುಟ್ಟ ಮಾರ್ಕರ್ ದೀಪ ಇಲ್ಲದಿದ್ದರೆ 1967. ಸರ್ಕಾರದ ನಿಯಮ ಬಂದು 1968ರಿಂದ ಅದನ್ನು ಹಾಕಿದರು. 1971ರಲ್ಲಿ ಗ್ರಿಲ್ ಬದಲಾಯಿತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಒಳಗಿನ ಕನ್ನಡಿ ಗಾಜಿಗೇ ಅಂಟಿಸಿದ್ದರೆ 1972. ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಸೀಟಿನ ಹಿಂದೆ! ಬೆನ್ನ ಹಿಂದೆ ಪೆಟ್ರೋಲ್ ಇಟ್ಟುಕೊಂಡು ಜನ ಸಿಗರೇಟ್ ಸೇದುತ್ತಾ ಓಡಾಡಿದ್ದಾರೆ. ಬಿಸಿಲಲ್ಲಿ ನಿಂತ ಗಾಡಿಯ ಬಾಗಿಲು ತೆಗೆದರೆ ಮೂಗಿಗೆ ಮೊದಲು ಬಡಿಯುವುದು ಆ ವಾಸನೆ.

ನಮ್ಮ ಮ್ಯಾನೇಜರಿಗೆ ಅರವತ್ತು ದಾಟಿದೆ, ಮಾತು ಕಮ್ಮಿ. ಹೊಸ ಗಾಡಿ ಬಂದರೆ ಮೊದಲು ಮಂಡಿಯೂರಿ ಕೂರುತ್ತಾರೆ. ಕ್ಯಾಬಿನ್‌ನ ಹಿಂದಿನ ಎರಡು ಮೂಲೆ, ಬಾಗಿಲ ಕೆಳಗಿನ ಪಟ್ಟಿ, ಮ್ಯಾಟ್ ಎತ್ತಿ ನೆಲ, ಮುಂದಿನ ಚಕ್ರದ ಹಿಂದೆ ಫೆಂಡರ್‌ನ ತಳ. ಈ ಟ್ರಕ್‌ಗಳು ತುಕ್ಕು ಹಿಡಿಯೋದೇ ಅಲ್ಲಿ. ಹಿಮ ಬೀಳುವ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ತಗಡನ್ನು ಒಳಗಿಂದ ತಿನ್ನುತ್ತದೆ. ಅರಿಜೋನಾದ ಗಾಡಿಗೆ ಬೇಡಿಕೆ ಇರುವುದು ಅದಕ್ಕೇ. ಇಲ್ಲಿ ಬಿಸಿಲು ಡ್ಯಾಶ್‌ಬೋರ್ಡನ್ನು ಸೀಳುತ್ತದೆ, ಬಣ್ಣ ಕುಡಿಯುತ್ತದೆ, ಆದರೆ ತಗಡು ಉಳಿಯುತ್ತದೆ.

ಆಮೇಲೆ ಮ್ಯಾಗ್ನೆಟ್ ಹಿಡಿದರು. ಒಳಗೆ ದಪ್ಪಗೆ ಪುಟ್ಟಿ ತುಂಬಿದ್ದರೆ ಮ್ಯಾಗ್ನೆಟ್ ಸರಿಯಾಗಿ ಕಚ್ಚಲ್ಲ. ಕಡೆಗೆ ಪೇಂಟಿನ ದಪ್ಪ ಅಳೆಯುವ ಮೀಟರ್. ಲೆಕ್ಕ ಮಿಲ್‌ನಲ್ಲಿ, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಸುತ್ತಲೂ ಬಂದದ್ದು 4, 5, 4, 5. ಯಾರೂ ಮೇಲೊಂದು ಕೋಟ್ ಹೊಡೆದಿಲ್ಲ. ಗ್ಲೋವ್ ಬಾಕ್ಸಿನ ಮುಚ್ಚಳದ ಒಳಗೆ ಕಂಪನಿ ಅಂಟಿಸಿದ ಚೀಟಿಯೂ ಹಾಗೇ ಇತ್ತು. ಈ ಗಾಡಿಗೆ ಏನೇನು ಹಾಕಿ ಕಳಿಸಿದ್ದಾರೆ ಅನ್ನುವ ಕೋಡುಗಳ ಪಟ್ಟಿ ಅದು. ಗಾಡಿಯ ಚಾಸಿ ನಂಬರ್ ಶುರುವಾಗುವುದು ಸಿಸಿಇ142 ಅಂತ. ಷೆವರ್ಲೆ, ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ, ಎಂಟು ಸಿಲಿಂಡರಿನ ವಿ8 ಎಂಜಿನ್, ಅರ್ಧ ಟನ್ ಹೊರುವ ವರ್ಗ, ಪಿಕಪ್, 1972. ಚೀಟಿಗೂ ಗಾಡಿಗೂ ತಾಳೆ ಆಯಿತು. ಮೈಲಿ ಮೀಟರ್ ಮಾತ್ರ ನಂಬುವ ಹಾಗಿಲ್ಲ. ಐದೇ ಅಂಕಿ, 99,999 ಆದಮೇಲೆ ಮತ್ತೆ ಸೊನ್ನೆ.

ಎರಡೂ ಬಾಗಿಲ ಮೇಲೆ ಬಿಳಿ ಬಣ್ಣದ ಬರಹ ಇತ್ತು. ಮೊದಲ ಮಾಲೀಕರು ಬೋರ್‌ವೆಲ್ ಕೊರೆದುಕೊಡುವವರು. ಅವರ ಹೆಸರು, ಕೆಳಗೆ ಏರಿಯಾ ಕೋಡ್ ಇಲ್ಲದ ಏಳಂಕಿಯ ಫೋನ್ ನಂಬರ್. ಅರ್ಧಕ್ಕರ್ಧ ಉದುರಿಹೋಗಿತ್ತು. ನನ್ನ ಕಣ್ಣಿಗೆ ಅದು ಗಲೀಜು. ಊರಲ್ಲಿ ಸ್ಕೂಟರ್ ಮಾರಬೇಕಾದರೂ ಹಿಂದಿನ ದಿನ ಪಾಲಿಶ್ ಹೊಡೆಸಿ ನಿಲ್ಲಿಸ್ತೀವಿ, ಅಲ್ವಾ? ಮ್ಯಾನೇಜರ್ ಊಟಕ್ಕೆ ಹೋದಾಗ ಉಜ್ಜಿ ಹೊಳಪು ತರುವ ಪೇಸ್ಟ್, ರಬ್ಬಿಂಗ್ ಕಾಂಪೌಂಡ್ ತಗೊಂಡು ಬಲಗಡೆಯ ಬಾಗಿಲು ಉಜ್ಜೋಕೆ ಕೂತೆ.

ಐದು ನಿಮಿಷಕ್ಕೆ ಬಟ್ಟೆ ಪೂರ್ತಿ ಹಳದಿ. ಅರಿಶಿನ ಕುಟ್ಟಿದ ಕೈ ಒರೆಸಿದ ಹಾಗೆ. ಆ ಕಾಲದ ಪೇಂಟಿನ ಮೇಲೆ ಈಗಿನ ಹಾಗೆ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರ ಇರಲ್ಲ. ಉಜ್ಜಿದರೆ ಬರುವುದು ಕೊಳೆಯಲ್ಲ, ಬಣ್ಣವೇ. ಪೇಂಟರ್ ಮಗಳಿಗೆ ಅದು ಗೊತ್ತಿರಬೇಕಿತ್ತು. ಬಾಗಿಲು ಹೊಳೆಯೋಕೆ ಶುರುವಾದ ಖುಷಿಗೆ ನಿಲ್ಲಿಸಲಿಲ್ಲ. ಮುಗಿದಾಗ ಮುಖ ಕಾಣುವಷ್ಟು ಹೊಳಪು. ಅಕ್ಷರ ಒಂದೂ ಇಲ್ಲ.

ಮ್ಯಾನೇಜರ್ ಬಂದರು, ನೋಡಿದರು, ಬೈಯಲಿಲ್ಲ. ಮೀಟರ್ ತಂದು ಬಾಗಿಲಿಗೆ ಇಟ್ಟರು. 3, 2, 3. ಆಮೇಲೆ ನನ್ನನ್ನು ಎಡಗಡೆಯ ಬಾಗಿಲಿಗೆ ಕರೆದುಕೊಂಡು ಹೋಗಿ ಒಂದೇ ಪ್ರಶ್ನೆ ಕೇಳಿದರು: ಇದು ಅಸಲಿ ಅಂತ ಈಗ ಹೇಗೆ ತೋರಿಸ್ತೀಯ?

ಅದೇ ಎಡವಟ್ಟು. ಈಗ ಹಳೇ ಕೆಲಸದ ಗಾಡಿಗಳಿಗೆ ಗಿರಾಕಿ ಜಾಸ್ತಿ. ಅದಕ್ಕೆ ಕೆಲವರು ಬೇಕಂತಲೇ ಬಾಗಿಲ ಮೇಲೆ ಯಾವುದೋ ಫಾರ್ಮಿನ ಹೆಸರು ಬರೆಸಿ, ಸ್ಯಾಂಡ್ ಪೇಪರಲ್ಲಿ ಸವೆಸಿ ಹಳೇದರ ಹಾಗೆ ಮಾಡುತ್ತಾರೆ. ಎರಡು ಬಾಗಿಲೂ ಒಂದೇ ಥರ ಸವೆದಿದ್ದಾಗ ಒಂದಕ್ಕೊಂದು ಸಾಕ್ಷಿ ಇದ್ದ ಹಾಗಿತ್ತು. ನಾನು ಒಂದು ಸಾಕ್ಷಿಯನ್ನು ಅಳಿಸಿದ್ದೆ. ಉಳಿದದ್ದರ ಮೇಲೂ ಅನುಮಾನ ಬರುವ ಹಾಗೆ ಮಾಡಿದ್ದೆ.

ಮಾಲೀಕರಿಗೆ ಫೋನ್ ಮಾಡುವ ಕೆಲಸ ನನ್ನದೇ ಆಯಿತು. ಅವರು ಬೋರ್‌ವೆಲ್‌ನವರ ಮಗ. ಸಂಜೆ ಬಂದು ಬಾಗಿಲ ಮೇಲೆ, ಮೊದಲು ಫೋನ್ ನಂಬರ್ ಇದ್ದ ಜಾಗದಲ್ಲಿ ಬೆರಳು ಆಡಿಸಿದರು. ಆ ನಂಬರ್ ನಮ್ಮ ಅಡುಗೆಮನೆಯಲ್ಲಿ ಹೊಡೆದುಕೊಳ್ಳುತ್ತಿತ್ತು ಅಂದರು. ನನಗೆ ಬೈದಿದ್ದರೆ ಎಷ್ಟೋ ವಾಸಿ ಇತ್ತು. ಕೇಳುವ ಬೆಲೆ ಇಳಿಸೋಣ, ನಮ್ಮ ಕಮಿಷನ್ನಿನಲ್ಲೂ ಕಡಿತ ಅಂತ ಮ್ಯಾನೇಜರ್ ಒಪ್ಪಿಕೊಂಡರು.

ಜಾಹೀರಾತಿನ ಮೊದಲ ಸಾಲಲ್ಲೇ ಬರೆದೆ: ಬಲಬದಿಯ ಬಾಗಿಲನ್ನು ನಮ್ಮ ಅಂಗಡಿಯಲ್ಲಿ ಉಜ್ಜಲಾಗಿದೆ, ಬರಹ ಹೋಗಿದೆ. ಮೊದಲು ನೋಡೋಕೆ ಬಂದವರು ಎಡಬಾಗಿಲ ಮುಂದೆ ನಿಂತು, ಇದು ಈಚೆಗೆ ಬರೆಸಿದ್ದಾ ಅಂತ ಕೇಳಿ ಹೊರಟೇಹೋದರು.

ಆ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸಿದೆ. ನಾನು ಅಳುವ ಹಾಗಿದ್ದೆ, ಅವರು ಮಾತ್ರ ಕನ್ನಡಕ ಹಾಕಿಕೊಂಡು ಅಕ್ಷರ ನೋಡುತ್ತಿದ್ದರು.

"ಸ್ಟೆನ್ಸಿಲ್ ಅಲ್ಲವ್ವಾ ಇದು. ಆ ಸೊನ್ನೆ ನೋಡು, ಎರಡು ಸಲ ಬ್ರಷ್ ಎತ್ತಿದಾನೆ. ಎರಡೂ ಸೇರೋ ಕಡೆ ಬಣ್ಣ ದಪ್ಪ ನಿಂತಿದೆ."

"ಕೈಯಲ್ಲಿ ಬರೆದದ್ದು ಅಂತ ಒಪ್ತಾರಪ್ಪ. ಹಳೇದು ಅಂತ ಹೆಂಗೆ ಹೇಳಲಿ?"

"ಅಕ್ಷರ ಉದುರಿದ್ಯಲ್ಲ, ಅಲ್ಲಿ ಕೆಳಗಿನ ಬಣ್ಣ ಹೆಂಗಿದೆ?"

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಅಡ್ಡ ಬಿಸಿಲಲ್ಲಿ ನೋಡಿದೆ. ಬಾಗಿಲೆಲ್ಲ ಬಿಳುಚಿದ ಅರಿಶಿನ. ಬಿಳಿ ಉದುರಿದ ಕಡೆ ಮಾತ್ರ ಕಡು ಅರಿಶಿನ, ಹೊಸ ಗಾಡಿಯ ಬಣ್ಣ. ಅಷ್ಟು ವರ್ಷ ಅಕ್ಷರದ ನೆರಳಲ್ಲಿ ಕೂತ ಬಣ್ಣಕ್ಕೆ ಬಿಸಿಲೇ ತಾಗಿಲ್ಲ. ಈಚೆಗೆ ಬರೆಸಿ ಸವೆಸಿದ್ದರೆ ಅಲ್ಲೂ ಬಿಳುಚಿದ ಬಣ್ಣವೇ ಕಾಣಬೇಕಿತ್ತು. ಸೊನ್ನೆಯ ಹತ್ತಿರ ಕ್ಯಾಮೆರಾ ಹಿಡಿದು ಹನ್ನೊಂದು ಫೋಟೋ ತೆಗೆದೆ. ಜಾಹೀರಾತಿನಲ್ಲಿ ಎಂಜಿನ್ ಫೋಟೋಗಿಂತ ಮುಂದೆ ಅವನ್ನೇ ಹಾಕಿದೆ.

ಎರಡು ವಾರಕ್ಕೆ ಟ್ರಕ್ ಹೋಯಿತು. ತಗೊಂಡವರು ಬಲಬಾಗಿಲಿಗೆ ಏನೂ ಮಾಡಿಸಲ್ಲ, ಹಾಗೇ ಇರಲಿ ಅಂದರು. ಈಗ ಯಾವ ಗಾಡಿ ಬಂದರೂ ನೀರು ಮುಟ್ಟಿಸುವ ಮೊದಲು ನಾನು ಫೋಟೋ ತೆಗೀತೀನಿ, ಧೂಳಿನ ಸಮೇತ. ಕಾಂಪೌಂಡ್ ಡಬ್ಬಿ ಮ್ಯಾನೇಜರ್ ಬೀರುವಿನಲ್ಲಿದೆ, ಕೀಲಿ ನನಗೆ ಕೊಟ್ಟಿಲ್ಲ.

ಗಾಡಿ ಮಾರಾಟವಾಯಿತು ಅಂತ ಅಪ್ಪನಿಗೆ ಹೇಳಿದೆ. ಎಷ್ಟಕ್ಕೆ ಅಂತ ಅವರು ಕೇಳಲೇ ಇಲ್ಲ.

"ಆ ಬರೆದೋನಿಗೆ ಎರಡು ಬಾಗಿಲಿಗೆ ಎಷ್ಟು ಕೊಟ್ಟಿರಬೌದು ಆಗ?" ಅಂದರು.