ಗಾಡಿಗೂ ಕೆವೈಸಿ ಮಾಡಿಸ್ಬೇಕಂತೆ

"ಗಾಡಿಗೂ ಕೆವೈಸಿ ಮಾಡಿಸ್ಬೇಕೇನ್ಲಾ ಮಗ?" ಅಂತ ಅಮ್ಮ ಫೋನಲ್ಲಿ ಕೇಳಿದ್ದು ಮಂಗಳವಾರ. ಆವತ್ತಿಂದ ಈ ಮಾತು ತಲೆಯಿಂದ ಇಳೀತಾನೇ ಇಲ್ಲ, ಒಂದ್ಸಲ ನಗು ಬರುತ್ತೆ, ಒಂದ್ಸಲ ಮೈ ಉರಿಯುತ್ತೆ.

ನಮ್ದು ಬಿಎಸ್6 ಪಿಕಪ್ಪು. ಶುಂಠಿ, ಕಾಫಿ, ಗೊಬ್ಬರ, ಯಾವ ಬಾಡಿಗೆ ಸಿಕ್ಕಿದ್ರೂ ಹೋಗ್ತೀವಿ. ಈಚೆಗೆ ಅದಕ್ಕೊಂದು ರೋಗ ಶುರುವಾಗಿತ್ತು, ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟು, ಲೋಡ್ ಹಾಕ್ಕೊಂಡು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಮಾರನಹಳ್ಳಿ ಹತ್ರ ಬರೋಷ್ಟರಲ್ಲಿ ಆರ್‌ಪಿಎಂ ಮುಳ್ಳು ಸೊನ್ನೆಗೆ ಬೀಳೋದು, ಎಂಜಿನ್ ಆಫ್. ಹಿಂದೆ ಟ್ಯಾಂಕರ್‌ನವರು ಹಾರ್ನ್ ಹೊಡೆದು ಹೊಡೆದು ಸಾಯಿಸೋರು. ಸ್ವಲ್ಪ ಹೊತ್ತು ಆರಕ್ಕೆ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟು.

ಹಾಸನದಲ್ಲಿ ಸರ್ವಿಸ್ ಸೆಂಟರ್‌ಗೆ ಬಿಟ್ವಿ. ಸ್ಕ್ಯಾನರ್ ಹಾಕಿದ್ರೆ ಒಂದಲ್ಲ, ಸಾಲಾಗಿ ನಾಲ್ಕೈದು ಸೆನ್ಸರ್ ಕೆಟ್ಟಿದೆ ಅನ್ನೋ ಕೋಡು. ಮೊದ್ಲು ಕ್ರ್ಯಾಂಕ್ ಸೆನ್ಸರ್ ಬದಲಾಯಿಸಿದ್ರು, ಬಿಲ್ಲು. ಆಮೇಲೆ ರೈಲ್ ಪ್ರೆಶರ್ ಸೆನ್ಸರ್, ಇನ್ನೊಂದು ಬಿಲ್ಲು. ರೋಗ ಹಾಗೇ ಇತ್ತು. ಕೊನೆಗೆ ಟೈ ಕಟ್ಟಿದ್ದ ಅಡ್ವೈಸರ್ ಬಂದು "ಇಸಿಎಂ ಹೋಗಿದೆ ಸರ್, ಚೇಂಜ್ ಮಾಡ್ಬೇಕು" ಅಂದ. ಇಸಿಎಂ ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್ ಡಬ್ಬಿ. ಹೆಂಗ್ ಗೊತ್ತಾಯ್ತಪ್ಪ ಅಂದ್ರೆ "ಸ್ಕ್ಯಾನರಲ್ಲಿ ಬಂದಿದೆ ಸರ್". ಈ ಮನುಷ್ಯ ಬಾನೆಟ್ ಎತ್ತಿದ್ದನ್ನ ನಾನಂತೂ ಕಣ್ಣಾರೆ ನೋಡಿಲ್ಲ. ರೇಟ್ ಕೇಳಿದ ಮೇಲೆ ಒಂದು ನಿಮಿಷ ನನಗೆ ಮಾತೇ ಬರ್ಲಿಲ್ಲ.

ಯಾರೋ ಹೇಳಿದ್ರು ಅಂತ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನ ಹತ್ರ ಹೋದೆ. ತಗಡಿನ ಶೆಡ್ಡು, ಬೋರ್ಡು ಕೂಡ ಇಲ್ಲ. ಅವನು ಬ್ಯಾಟರಿ ನೋಡ್ದ, ಅರ್ತ್ ವೈರ್ ಬಿಚ್ಚಿ ಉಜ್ಜಿ ಹಾಕ್ದ, ಮೇನ್ ರಿಲೇ ನೋಡ್ದ. ಆಮೇಲೆ ನನ್ನನ್ನ ಹತ್ರ ಕರೆದು ಹೇಳ್ದ, "ಅಣ್ಣ, ಇಷ್ಟು ಸೆನ್ಸರ್ ಒಟ್ಟಿಗೆ ಸಾಯಲ್ಲ. ಇವಕ್ಕೆಲ್ಲ 5 ವೋಲ್ಟ್ ಕರೆಂಟು ಆ ಡಬ್ಬಿಯಿಂದನೇ ಹೋಗೋದು. ಯಾವ್ದಾದ್ರೂ ಒಂದು ಶಾರ್ಟ್ ಆಗಿ ಎಲ್ಲಾನೂ ಎಳೀತಿರ್ಬೇಕು, ಇಲ್ಲ ಡಬ್ಬಿನೇ ಕೊಡ್ತಿಲ್ಲ." ಒಂದೊಂದೇ ಸೆನ್ಸರಿನ ಕನೆಕ್ಟರ್ ಕಿತ್ತು ಕಿತ್ತು ಮೀಟರ್ ಹಿಡಿದ. ಎಲ್ಲ ಸರಿ ಇತ್ತು, 4.98, 4.99. ಗಾಡಿ ತಣ್ಣಗಿತ್ತಲ್ಲ.

ಆಗ ಮನೆಗೆ ಓಡಿಹೋಗಿ ಹೆಂಡ್ತಿ ತಲೆ ಒಣಗಿಸೋ ಡ್ರೈಯರ್ ತಂದ ನೋಡಿ. ಸೆನ್ಸರ್ ಎಲ್ಲ ಬಿಚ್ಚಿಟ್ಟಿದ್ದ ಹಾಗೇ ಆ ಅಲ್ಯೂಮಿನಿಯಂ ಡಬ್ಬಿಗೆ ಬಿಸಿಗಾಳಿ ಹಿಡ್ಕೊಂಡು ಕೂತ. ನಾನು ಮೀಟರ್ ನೋಡ್ತಿದ್ದೆ. ಮೊದ್ಲು ಏನೂ ಇಲ್ಲ. ಆಮೇಲೆ 4.6. ಮತ್ತೆ 4.1. ಒಂದೇ ಸಲ 1.7ಕ್ಕೆ ಬಿತ್ತು. ಡ್ರೈಯರ್ ಆಫ್ ಮಾಡಿ ಒದ್ದೆ ಬಟ್ಟೆ ಇಟ್ಟ, ನಿಧಾನಕ್ಕೆ ಹತ್ತಿ ಮತ್ತೆ 5 ಹತ್ರ ಬಂತು. "ಒಳಗೆ ಎಲ್ಲೋ ಬೆಸುಗೆ ಬಿಟ್ಟಿರ್ಬೇಕು ಅಣ್ಣ, ಬಿಸಿಗೆ ಬಾಯಿ ಬಿಡ್ತದೆ. ಈಗ ಹೇಳ್ತೀನಿ, ಇದು ಹೋಗೈತೆ."

ಸರ್ವಿಸ್ ಸೆಂಟರ್‌ನವರು ಹೇಳಿದ್ದೂ ಅದನ್ನೇ, ಒಪ್ತೀನಿ. ಆದ್ರೆ ಅವರು ಹೇಳಿದಾಗ ನಂಬಿಕೆ ಬರ್ಲಿಲ್ಲ, ಇವನು ತೋರಿಸ್ದ.

ಹೊಸ ಡಬ್ಬಿ ಬೆಂಗಳೂರಿಂದ ಅವನೇ ತರಿಸ್ದ, ಅದೇ ಪಾರ್ಟ್ ನಂಬರು. ಹಾಕಿ ಕೀ ತಿರುಗಿಸಿದ್ರೆ ಸೆಲ್ಫ್ ಹೊಡೆಯುತ್ತೆ, ಹೊಡೀತಾನೇ ಇರುತ್ತೆ, ಎಂಜಿನ್ ಹಿಡಿಯಲ್ಲ. ಮೀಟರ್ ಬೋರ್ಡಲ್ಲಿ ಕೀ ಗುರುತಿನ ಲೈಟು ಮಿಣಮಿಣ ಅಂತಿತ್ತು. ಕೀ ತಲೆಯೊಳಗೆ ಚಿಪ್ಪಿದೆ, ಲಾಕಿನ ಸುತ್ತ ಇರೋ ಕಾಯಿಲ್ ಅದನ್ನ ಓದುತ್ತೆ, ಆ ನಂಬರು ತನ್ನ ಲೆಕ್ಕದಲ್ಲಿ ಇಲ್ಲ ಅಂದ್ರೆ ಇಸಿಎಂ ಡೀಸೆಲ್ಲೇ ಬಿಡಲ್ಲ. ಹೊಸ ಡಬ್ಬಿಗೆ ನಮ್ಮ ಕೀ ಯಾವ್ದು ಅಂತ ಗೊತ್ತಿಲ್ಲ, ಚಾಸಿ ನಂಬರೂ ಗೊತ್ತಿಲ್ಲ. ಅದನ್ನ ಹೇಳಿಕೊಡೋಕೆ ಕಂಪನಿ ಸಾಫ್ಟ್‌ವೇರ್ ಬೇಕು, ಅದರ ಲಾಗಿನ್ ಇರೋದು ಡೀಲರ್ ಹತ್ರ. ಅಂದ್ರೆ ಮತ್ತೆ ಆ ಟೈ ಹತ್ರನೇ.

"ಗಾಡಿ ತಗೊಂಡ್ ಬನ್ನಿ ಸರ್" ಅಂದ ಫೋನಲ್ಲಿ. ಸ್ಟಾರ್ಟೇ ಆಗ್ತಿಲ್ಲ ಮಾರಾಯ ಅಂದ್ರೆ "ಟೋ ಮಾಡಿಸಿ ಸರ್". ಇನ್ನೊಂದು ಪಿಕಪ್ಪಿಗೆ ಹಗ್ಗ ಕಟ್ಟಿ ಬಿಎಂ ರೋಡಲ್ಲಿ ಎಳ್ಕೊಂಡು ಹೋದ್ವಿ. ಅಲ್ಲಿ ಕೌಂಟರಲ್ಲಿ ಆರ್‌ಸಿ ಕೊಡಿ, ಆಧಾರ್ ಕೊಡಿ, ಎರಡೂ ಕೀ ಕೊಡಿ. ಈಗ ಹಾಕದೆ ಇರೋ ಕೀ ಆಮೇಲೆ ಕೆಲಸ ಮಾಡಲ್ವಂತೆ. ಎರಡನೇ ಕೀ ಊರಲ್ಲಿ ದೇವರ ಮನೆ ಡಬ್ಬಿಯೊಳಗೆ ಇತ್ತು. ಅಮ್ಮಂಗೆ ಫೋನ್ ಮಾಡಿ, ಕವರಲ್ಲಿ ಸುತ್ತಿ ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳ್ಸಮ್ಮ ಅಂದೆ. ಯಾಕೆ ಅಂತ ಕೇಳಿದ್ರು. ಗಾಡಿಗೆ ಹೊಸ ಕಂಪ್ಯೂಟರ್ ಹಾಕಿದೀವಿ, ಅದಕ್ಕೆ ನಮ್ಮ ಗುರುತು ಹತ್ತಿಸ್ಬೇಕಂತೆ ಅಂದೆ. ಆಗ ಕೇಳಿದ್ದು ಅದು.

"ಗಾಡಿಗೂ ಕೆವೈಸಿ ಮಾಡಿಸ್ಬೇಕೇನ್ಲಾ ಮಗ?"

ಅಮ್ಮ ತಮಾಷೆಗೆ ಕೇಳಿದ್ದಲ್ಲ. ರೇಷನ್ ಕಾರ್ಡಿನ ಇ-ಕೆವೈಸಿಗೆ ಅಂತ ಸೊಸೈಟಿಗೆ ಅಲೆದು ಅಲೆದು ಸಾಕಾಗಿದೆ ಅವರಿಗೆ. ಹೆಬ್ಬೆಟ್ಟು ತಗೊಳ್ಳಲ್ಲ. ವರ್ಷಗಟ್ಟಲೆ ತೋಟದಲ್ಲಿ ಕಾಫಿ ಕುಯ್ದು, ಶುಂಠಿ ತೊಳೆದು ಬೆರಳ ಗೆರೆ ಸವೆದುಹೋಗಿದೆ. ಮಷಿನ್ ಕೆಂಪು ಲೈಟ್ ತೋರಿಸುತ್ತೆ, ಸೊಸೈಟಿಯವನು "ಅಜ್ಜಿ, ಕೈ ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ" ಅಂತಾನೆ, ಇವರು ಸೆರಗಲ್ಲಿ ಒರೆಸಿ ಮತ್ತೆ ಒತ್ತೋದು. ಕಣ್ಣಿನ ಮಷಿನ್ ಬರುತ್ತೆ ಕಾಯಿರಿ ಅಂತ ಹೇಳಿ ಕಳ್ಸಿದ್ದಾರೆ. ಹುಟ್ಟಿದಾಗಿಂದ ಅದೇ ಊರಲ್ಲಿರೋ ಹೆಂಗಸು, ಅವನಿಗೂ ಚೆನ್ನಾಗಿ ಗೊತ್ತು ಯಾರು ಅಂತ. ಆದ್ರೆ ಅವನು ಗುರುತು ಹಿಡಿದ್ರೆ ಲೆಕ್ಕಕ್ಕೆ ಬರಲ್ಲ.

ಇದೇ ಗುಂಗಲ್ಲಿ ನಿಂತಿದ್ದಾಗ ಒಳಗಿದ್ದ ಮೆಕ್ಯಾನಿಕ್ಕು, ಇವನು ಪಾಪ ಕೆಲಸ ಗೊತ್ತಿರೋನು, ಡೀಸೆಲಲ್ಲಿ ಅದ್ದಿದ ಬಟ್ಟೆಯಿಂದ ಇಂಜೆಕ್ಟರ್ ತಲೆ ಒರೆಸಿ ಒಂದೊಂದರದ್ದೂ ಮೊಬೈಲಲ್ಲಿ ಫೋಟೋ ತೆಗೀತಿದ್ದ. ಅದೇನಪ್ಪ ಅಂದೆ. ಪ್ರತಿ ಇಂಜೆಕ್ಟರ್ ಮೇಲೂ ಸಣ್ಣಕ್ಷರದಲ್ಲಿ ಒಂದು ಕೋಡ್ ಇರುತ್ತೆ. ಒಂದೇ ಫ್ಯಾಕ್ಟರಿ, ಒಂದೇ ಮಾಡೆಲ್ ಆದ್ರೂ ಒಂದು ಒಂಚೂರು ಜಾಸ್ತಿ ಡೀಸೆಲ್ ಬಿಡುತ್ತೆ, ಇನ್ನೊಂದು ಕಮ್ಮಿ. ಆ ಕೋಡ್ ಹಾಕಿದ್ರೆ ಕಂಪ್ಯೂಟರ್ ಎಷ್ಟು ಹೊತ್ತು ಡೀಸೆಲ್ ಬಿಡ್ಬೇಕು ಅಂತ ಅದಕ್ಕೆ ತಕ್ಕ ಹಾಗೆ ಹೊಂದಿಸ್ಕೊಳ್ಳುತ್ತೆ, ಹಾಕದಿದ್ರೆ ಎಂಜಿನ್ ನಡುಗುತ್ತೆ, ಹೊಗೆ ಬರುತ್ತೆ. ನೋಡಿ, ಕಬ್ಬಿಣದ ಇಂಜೆಕ್ಟರಿಗೆ ಇಷ್ಟು ಉಪಚಾರ ಉಂಟು, ನೀನು ಹಿಂಗೇ ಹುಟ್ಟಿದ್ದು, ಪರವಾಗಿಲ್ಲ, ನಾನೇ ಹೊಂದ್ಕೋತೀನಿ ಅನ್ನುತ್ತೆ. ನಮ್ಮಮ್ಮನ ಬೆರಳಿಗೆ ಆ ಮಾತು ಹೇಳೋ ಮಷಿನ್ ಇನ್ನೂ ಬಂದಿಲ್ಲ.

ಚಿಕ್ಕಪ್ಪ ಇದನ್ನೆಲ್ಲ ಕೇಳಿ ಅವರ ಹಳೇ ಟಾಟಾ 407 ಲಾರಿ ಪುರಾಣ ತೆಗೆದ್ರು. ಬ್ಯಾಟರಿ ಸತ್ರೂ ಇಳಿಜಾರಲ್ಲಿ ತಳ್ಳಿದ್ರೆ ಸ್ಟಾರ್ಟು, ಪಂಪು ನೋಜಲ್ ಬಿಟ್ರೆ ಕೆಡೋಕೆ ಏನಿತ್ತು ಅಂತ. ನಿಜಾನೇ. ಆದ್ರೆ ಅದು ಘಾಟಿ ಹತ್ತುವಾಗ ಹೊಗೆಗೆ ಹಿಂದೆ ಬೈಕ್‌ನವನಿಗೆ ರಸ್ತೆ ಕಾಣ್ತಿರ್ಲಿಲ್ಲ, ಅದೂ ನಿಜ. ನನಗೆ ಕಂಪ್ಯೂಟರ್ ಮೇಲೆ ಕೋಪ ಇಲ್ಲ. ಕಳ್ಳ ಕದೀಬಾರ್ದು ಅಂತ ಬೀಗ ಹಾಕಿದ್ದೂ ಸರಿ. ನನ್ನ ದುಡ್ಡಲ್ಲಿ ತಗೊಂಡ ಡಬ್ಬಿಗೆ, ಕಂತು ಕಟ್ತಿರೋ ನನ್ನ ಗಾಡಿ ಗುರುತು ಹತ್ತಿಸೋಕೆ ಡ್ರೈಯರ್ ಹಿಡಿದು ಕೂತಿದ್ದ ಹುಡುಗನಿಗೆ ದಾರಿನೇ ಇಲ್ವಲ್ಲ, ಅದಕ್ಕೆ ಕೋಪ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕು ಅಂತ ಸಮಿತಿ ಮಾಡ್ತು, ಮೊಬೈಲು, ಕೃಷಿ ಯಂತ್ರದ ಜೊತೆ ವಾಹನಗಳನ್ನೂ ಸೇರಿಸ್ತು, ಅದೇ ವರ್ಷ ಪೋರ್ಟಲ್ಲೂ ಬಂತು. ನಮ್ಮ ಹುಡುಗನ ತಗಡಿನ ಶೆಡ್ಡಿಗೆ ಮಾತ್ರ ಲಾಗಿನ್ ಬಂದಿಲ್ಲ.

ಸಂಜೆ ಬಸ್ಸಲ್ಲಿ ಕೀ ಬಂತು, ಲ್ಯಾಪ್‌ಟಾಪ್ ಹಾಕಿದ್ರು, ನಾನು ಕಾಫಿ ಕುಡಿದು ಬರೋಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿತ್ತು. ಅಷ್ಟೇ ಕೆಲಸ. ಮೊನ್ನೆ ಮಂಗಳೂರಿಗೆ ಲೋಡ್ ಇಳಿಸಿ ವಾಪಸ್ ಘಾಟಿ ಹತ್ತಿದೆ, ಎಲ್ಲೂ ನಿಲ್ಲಲಿಲ್ಲ. ಹಳೇ ಡಬ್ಬಿ ಹುಡುಗನ ಹತ್ರನೇ ಬಿಟ್ಟಿದೀನಿ, ಬಿಚ್ಚಿ ಬೆಸುಗೆ ಹಾಕಿ ನೋಡ್ತೀನಿ ಅಂದಿದ್ದಾನೆ. ದುಡ್ಡು ಕೊಡೋಕೆ ಹೋದಾಗ ಅವನ ಹೆಂಡ್ತಿ ಬಾಗಿಲಲ್ಲೇ ಸಿಕ್ಕಿ "ಅಣ್ಣ, ಡ್ರೈಯರೆಲ್ಲ ಡೀಸೆಲ್ ವಾಸನೆ, ಇದನ್ನ ಯಾರು ತಲೆಗೆ ಹಿಡಿಯೋದು, ಅದರ ದುಡ್ಡೂ ಸೇರಿಸಿ ಕೊಡಿ" ಅಂದ್ರು. ಸೇರಿಸಿ ಕೊಟ್ಟೆ.